ಎರಡನೆಯ ಸೂಜಿ

"ಒಂಬತ್ತನೇತ್ತಾ ದಾಟಾಕ ಆಗದ ಸಾಲಿ ಕಿಡಕ್ಯಾಗಿಂದ ಜಿಗದ ಓಡಿ ಹೋದಾವ ನೀನು. ನನಗ ಸೂಜಿ ಮುಟ್ಟಬ್ಯಾಡ ಅಂತ ಹೇಳಾಕ ಬಂದೀಯೇನು? ಹೋಗು, ಹೋಗಿ ಸ್ಟ್ಯಾಂಡಿನ್ಯಾಗ ನಿಂತು 'ಶಿಗ್ಗಾವಿ, ಶಿಗ್ಗಾವಿ' ಅಂತ ಒದರು. ನಿನಗ ಬರೋದು ಅದೊಂದ."

ಮದಿಹಾ ಅಣ್ಣ ನದೀಮನಿಗೆ ಇದನ್ನು ಕನ್ನಡದಲ್ಲಿ ಹೇಳಿದಳು. ಅಣ್ಣ ತಂಗಿ ಕನ್ನಡದಲ್ಲಿ ಜಗಳವಾಡಿದ್ದೇ ಇಲ್ಲ. ಬೈಯುವುದು, ರಮಿಸುವುದು, ಇನ್ನೊಂದು ರೊಟ್ಟಿ ಹಾಕು ಎನ್ನುವುದು, ಎಲ್ಲ ಮನೆಯ ಉರ್ದುವಿನಲ್ಲೇ. ಇವತ್ತು ಕನ್ನಡ ಬಂತೆಂದರೆ, ದವಾಖಾನೆಯ ಬಾಕಿನ ಮೇಲೆ ಕುಳಿತವರಿಗೆಲ್ಲ ತಿಳಿಯಲಿ ಎಂದೇ ಬಂತು. ತಿಳಿಯಿತು ಕೂಡ. ಕಂಬಳಿ ಹೊದ್ದು ಕುಳಿತಿದ್ದ ಅಜ್ಜಪ್ಪ ಕೆಮ್ಮುತ್ತಲೇ ನಕ್ಕ.

"ಭೇಷ್, ನರ್ಸಬಾಯಿ! ಮೊದಲ ಇವನಿಗೊಂದು ಸೂಜಿ ಮಾಡಿಬಿಡವಾ, ಸಿಟ್ಟು ಇಳೀಲಿ. ನಾ ಕಾಯ್ತೇನಿ."

ಬಾಕೆಲ್ಲ ಅಲುಗಾಡಿ ನಕ್ಕಿತು.

ಬೇರೆ ದಿನವಾಗಿದ್ದರೆ ಅಜ್ಜಪ್ಪನ ಕಂಬಳಿ ಬಂಕಾಪುರದ ಬಸ್‌ಸ್ಟ್ಯಾಂಡಿನ ಧೂಳಿನಲ್ಲಿ ಬಿದ್ದಿರುತ್ತಿತ್ತು. ನದೀಮನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಈಗ ಅವನು ತಂಗಿಯ ಬಲಗೈ ಒಂದನ್ನೇ ನೋಡುತ್ತ ನಿಂತಿದ್ದ. ಡಾಕ್ಟರರ ಹಳೆಯ ಬಿಳಿ ಕೋಟು ಅವಳಿಗೆ ಮೊಣಕಾಲಿನ ತನಕ ಬರುತ್ತಿತ್ತು. ಮಡಚಿದ ತೋಳಿನಿಂದ ಹೊರಬಂದ ಆ ಸಣ್ಣ ಕೈಯಲ್ಲಿ ಸಿರಿಂಜು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಒಂದು ಮಾತು ಸಾಕಿತ್ತು. 'ಹೊರಗ ನನ್ನ ಟಂಟಂ ರಿಕ್ಷಾದಾಗ ದುಂಡಸಿ ಮಹಾದೇವಕ್ಕ ಕುಂತಾಳ. ಮೊನ್ನಿ ನೀ ಮಾಡಿದ ಸೂಜಿಗೆ ಆಕಿ ಕಾಲು ಸತ್ತೈತಿ.' ಇಷ್ಟು ಹೇಳಿದ್ದರೆ ನಕ್ಕವರ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಆದರೆ ಆ ಬಾಕಿನ ಮೇಲೆ ಎಷ್ಟು ಜೊತೆ ಕಿವಿಗಳಿದ್ದವು! ಸಂಜೆಯೊಳಗೆ ಸುದ್ದಿ ಕೋಟೆ ದಾಟಿ ಹೈವೇ ಮುಟ್ಟುತ್ತಿತ್ತು. ಯಾವ ಔಷಧ, ಯಾರು ಕಲಿಸಿದರು ಎಂದು ಯಾರೂ ಕೇಳುವುದಿಲ್ಲ. ಯಾರ ಮನೆಯ ಹುಡುಗಿ ಎಂದೇ ಮೊದಲು ಕೇಳುತ್ತಾರೆ. ಅದನ್ನು ನೆನೆದು ಅವನು ಬಾಯಿ ಬಿಗಿಹಿಡಿದ.

ಅವತ್ತು ಮುಂಜಾನೆ ದುಂಡಸಿಯ ತಿರುವಿನಲ್ಲಿ ಮಹಾದೇವಕ್ಕ ಕೈ ಮಾಡಿದಾಗ ಅವನಿಗೆ ಇದಾವುದೂ ಗೊತ್ತಿರಲಿಲ್ಲ. ಅವಳು ಅವನ ಹಳೆಯ ಗಿರಾಕಿ. ಸಂತೆಗೆ, ಮಗಳ ಊರಿಗೆ, ದೇವರಿಗೆ, ಎಲ್ಲಿಗೆ ಹೋಗುವುದಿದ್ದರೂ ನದೀಮನ ಟಂಟಂ ಬರಲಿ ಎಂದು ಕಾಯುವವಳು. ಗಾಡಿ ನಿಂತ ಕೂಡಲೇ ಎಲ್ಲರಿಗಿಂತ ಮೊದಲು ಹತ್ತಿ ಕಿಡಕಿ ಹಿಡಿಯುವ ಆ ಹೆಂಗಸು ಇವತ್ತು ಕಂಬ ಹಿಡಿದು ನಿಂತೇ ಇದ್ದಳು.

"ಇಳದ ಬಾರೋ ತಮ್ಮಾ, ಒಂಚೂರು ಎತ್ತಿ ಕುಂದರಸು. ಈ ಕಾಲು ನನ್ನ ಮಾತು ಕೇಳವಲ್ದು."

ಅವನು ಇಳಿದು ನೋಡಿದ. ಬಲಗಾಲಿನ ಚಪ್ಪಲಿಯನ್ನು ಅವಳು ಗೋಣಿಚೀಲದ ದಾರದಿಂದ ಪಾದಕ್ಕೆ ಕಟ್ಟಿಕೊಂಡಿದ್ದಳು.

"ಇದೇನಬೇ ವೇಷ?"

"ಜಾರಿ ಬಿದ್ರೂ ಗೊತ್ತಾಗಂಗಿಲ್ಲಪಾ. ನಿನ್ನಿ ಹಿತ್ತಲದಾಗ ಬಿದ್ದಿತ್ತಂತ, ಮೊಮ್ಮಗಳು ತಂದ ಕೊಟ್ಲು. ನಾ ಹಾಕ್ಕೊಂಡೇನಿ ಅಂತನ ತಿಳದಿದ್ದೆ." ತನಗೇ ತಮಾಷೆಯೆನಿಸಿ ನಕ್ಕಳು. "ಸೊಂಟ ನೋವಂತ ಮೊನ್ನಿ ಬಂಕಾಪುರದಾಗ ಸೂಜಿ ಮಾಡಿಸ್ಕೊಂಡೆ. ಚುಚ್ಚಿದ ಕೂಡ್ಲೆ ಸೊಂಟದಿಂದ ಹಿಂಬಡದ ತನಾ ಮಿಂಚು ಹೊಡದಂಗಾತು ನೋಡು. ಅವತ್ತಿಂದ ಹಿಂಗ ಐತಿ. ಅದಕ್ಕ ಇನ್ನೊಂದು ಸೂಜಿ ಮಾಡಿಸ್ಕೊಂಡ ಬರ್ತೇನಿ. ಯಾರ ಕೈಯಿಂದ ಬಂದೈತಿ, ಅದ ಕೈ ಬಿಡಿಸಬೇಕಿದನ್ನ."

"ಯಾವ ದವಾಖಾನಿ?"

"ಸ್ಟ್ಯಾಂಡಿನ ಹಿಂದ, ರುದ್ರೇಶ ಡಾಕ್ಟರಂದು. ಅಲ್ಲೊಂದು ಸಣ್ಣ ನರ್ಸಬಾಯಿ ಅದಾಳಲ್ಲ? ಚುಚ್ಚೂಮುಂದ ಬಾಯಾಗ ಬಿಸ್ಮಿಲ್ಲಾ ಅಂತಾಳ. ಭಾಳ ಒಳ್ಳೇ ಕೈಗುಣ."

ಆ ದವಾಖಾನೆಯಲ್ಲಿ ನರ್ಸಬಾಯಿ ಎಂದು ಕರೆಸಿಕೊಳ್ಳುವವಳು ಒಬ್ಬಳೇ. ನದೀಮ ಎಂಜಿನ್ ಚಾಲು ಮಾಡಲು ಹೋದ. ಗಾಡಿ ಚಾಲೂ ಇದ್ದದ್ದೇ ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಮದಿಹಾಳನ್ನು ನರ್ಸಬಾಯಿ ಮಾಡಿದ್ದು ಡಾಕ್ಟರರಿಗಿಂತ ಹೆಚ್ಚಾಗಿ ಅವನೇ. ಹೈಸ್ಕೂಲಿನಲ್ಲಿ ಹಿಂದಿ ಬಿಟ್ಟು ಅದರ ಬದಲಿಗೆ ಆರೋಗ್ಯ ಸೇವೆ ಎಂಬ ವೃತ್ತಿ ವಿಷಯ ತೆಗೆದುಕೊಳ್ಳಬಹುದು ಎಂದಾಗ, ತೆಗೆದುಕೋ ಎಂದವನು ಅವನು. ಬಿ.ಪಿ. ನೋಡುವುದು, ಜ್ವರ ನೋಡುವುದು, ಪಟ್ಟಿ ಕಟ್ಟುವುದು, ಮಲಗಿದ ರೋಗಿಯನ್ನು ಮಗ್ಗುಲು ಹೊರಳಿಸುವುದು, ಇಷ್ಟನ್ನು ಅಲ್ಲಿ ಕಲಿಸಿದರು. ಸೂಜಿಯ ಮಾತು ಆ ಪಾಠದಲ್ಲಿ ಎಲ್ಲಿಯೂ ಇರಲಿಲ್ಲ. ವರ್ಷದ ಕೊನೆಗೆ ಸಾಲಿಯವರು ರುದ್ರೇಶ ಡಾಕ್ಟರರನ್ನು ಕರೆಸಿ ಭಾಷಣ ಮಾಡಿಸಿದರು. "ಕಾಲೇಜಿಗೆ ಹೋಗಿ ಏನ್ ಮಾಡ್ತೀರಿ? ಡಿಗ್ರಿ ಗ್ವಾಡಿಗೆ ತೂಗ ಹಾಕ್ತೀರಿ. ಕೈಯಾಗ ಕೆಲಸ ಇರಬೇಕು. ಇನ್ನ ಮುಂದ ಹೈಸ್ಕೂಲನ ನಿಮ್ಮ ಕಾಲೇಜು, ತಿಳೀತಿಲ್ಲೋ?" ಎಂದರು ಡಾಕ್ಟರು. ಪಾಲಕರ ಸಾಲಿನ ಹಿಂದೆ ನಿಂತಿದ್ದ ನದೀಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ. ಯಾಕೆ ತಟ್ಟಬಾರದು? ಅವನ ಜೊತೆ ಒಂದೇ ಬೆಂಚಿನಲ್ಲಿ ಕುಳಿತಿದ್ದ ಲೋಹಿತ ಬಿ.ಎಸ್ಸಿ. ಮುಗಿಸಿ ಈಗ ಮೊಬೈಲ್ ಅಂಗಡಿಯಲ್ಲಿ ಮಂದಿಯ ಫೋನಿಗೆ ಗ್ಲಾಸು ಅಂಟಿಸುತ್ತಿದ್ದ. ಒಂಬತ್ತನೇತ್ತಾ ಬಿಟ್ಟವನು ಗಾಡಿ ಹೊಡೆಯುತ್ತಾನೆ, ಹದಿನೈದನೇತ್ತಾ ಕಲಿತವನು ಗ್ಲಾಸು ಅಂಟಿಸುತ್ತಾನೆ. ಹಾಗಾದರೆ ನಡುವಿನ ಆ ವರ್ಷಗಳೆಲ್ಲ ಯಾರ ಹೊಟ್ಟೆಗೆ ಹೋದವು ಎಂದು ನದೀಮ ಸ್ಟ್ಯಾಂಡಿನಲ್ಲಿ ನಿಂತು ಎಲ್ಲರನ್ನೂ ಕೇಳುತ್ತಿದ್ದ.

ವಿಜ್ಞಾನದ ಶೀಲಾ ಟೀಚರು ಮಾತ್ರ ಮನೆತನಕ ಬಂದಿದ್ದರು. ತಾಯಿ ಹಾಜರಾಬಿ ಚಹಾ ಕೊಟ್ಟಳು.

"ಮದಿಹಾ ಶಿಗ್ಗಾವಿಯೊಳಗ ಪಿಯುಸಿ ಸೈನ್ಸ್ ಮಾಡ್ಲಿ. ಆಮ್ಯಾಲೆ ನರ್ಸಿಂಗ್ ಓದ್ಲಿ. ಆಕಿ ತಲಿ ಛಲೋ ಐತ್ರಿ," ಎಂದು ಟೀಚರು ಹೇಳಿದ್ದು ಅಪ್ಪ ಕುತುಬುದ್ದೀನನಿಗೆ. ಉತ್ತರ ಕೊಟ್ಟವನು ಮಗ.

"ಆಗ್ಲೆ ನರ್ಸ್ ಆಗ್ಯಾಳಲ್ರಿ ಟೀಚರ. ನಾಳಿಂದ ದವಾಖಾನಿಗೆ ಬಾ ಅಂದಾರ ಡಾಕ್ಟರು. ಆಗಿದ್ದನ್ನ ಆಗಾಕ ಮತ್ತ ಇಷ್ಟ ವರ್ಷ ಯಾಕ್ರಿ?"

"ನಾವು ಆಕಿಗೆ ಬಿ.ಪಿ. ನೋಡೂದಷ್ಟ ಕಲಿಸೇವಿ, ನದೀಮ. ಬಿ.ಪಿ. ಏರಿದ್ರ ಒಳಗ ಏನಾಗ್ತೈತಿ ಅನ್ನೂದು ಕಲಿಸಿಲ್ಲ."

"ಅದಕ್ಕ ಡಾಕ್ಟರ್ ಇರ್ತಾರಲ್ರಿ!"

ಮದಿಹಾ ಚಹಾದ ಬಸಿಯ ಅಂಚನ್ನು ಬೆರಳಿನಿಂದ ಉಜ್ಜುತ್ತ ಕುಳಿತಿದ್ದಳು. ನಿನಗೇನು ಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ.

ಡಾಕ್ಟರ್ ಇರುತ್ತಾರೆ ಎಂದು ಅವನು ಅಂದದ್ದೇನೋ ನಿಜ, ಆದರೆ ಎಲ್ಲಿ ಇರುತ್ತಾರೆ? ಮುಂಜಾನೆ ಒಂದಿಷ್ಟು ಹೊತ್ತು ಬಂಕಾಪುರ, ಆಮೇಲೆ ಬೈಕು ಹತ್ತಿ ಬೇರೆ ಊರಿನ ದವಾಖಾನೆ. ಅಲ್ಲಿಂದಲೇ ಫೋನಿನಲ್ಲಿ ಹೇಳುತ್ತಾರೆ, ಮದಿಹಾ ಇಲ್ಲಿ ಮಾಡುತ್ತಾಳೆ. ಬಂದವರು ಗುಳಿಗೆ ಕೊಟ್ಟರೆ ಒಪ್ಪುವುದಿಲ್ಲ. ಸೂಜಿ ಮಾಡದ ಡಾಕ್ಟರ್ ಎಂಥ ಡಾಕ್ಟರ್ ಎನ್ನುತ್ತಾರೆ. ಹೆಣ್ಣುಮಕ್ಕಳಂತೂ ಗಂಡಸಿನ ಕೈಯಿಂದ ಸೊಂಟಕ್ಕೆ ಸೂಜಿ ಮಾಡಿಸಿಕೊಳ್ಳುವುದಿಲ್ಲ. ಅದಕ್ಕೇ ಡಾಕ್ಟರರಿಗೆ ಒಬ್ಬ ಹುಡುಗಿ ಬೇಕಾಗಿದ್ದಳು. ಒಂದು ವಾರ ಮೋಸಂಬಿಗೆ ಚುಚ್ಚಿಸಿ ರೂಢಿ ಮಾಡಿಸಿದರು. ಮೋಸಂಬಿಗೆ ನರವಿಲ್ಲ, ನಾಚಿಕೆಯೂ ಇಲ್ಲ. ಒಳಗಿನ ಕೋಣೆಗೆ ಒಂದು ಪರದೆ ಹಾಕಿಸುವ ಬುದ್ಧಿ ಯಾರಿಗೂ ಬರಲಿಲ್ಲ. ಬಾಗಿಲಾಚೆ ಬಾಕಿನ ಮೇಲೆ ಗಂಡಸರು ಕುಳಿತಿರುವಾಗ ಯಾವ ಹೆಂಗಸು ಸೀರೆ ಸಡಿಲಿಸುತ್ತಾಳೆ? ಗೋಡೆಯ ಕಡೆ ಮುಖ ಮಾಡಿ, ನಿರಿಗೆ ಬಿಗಿಹಿಡಿದು, "ಸೀರಿ ಮ್ಯಾಲಿಂದನ ಚುಚ್ಚವಾ" ಎನ್ನುತ್ತಾರೆ. ಮದಿಹಾ ಅರಿವೆಯ ಮಡಿಕೆಗಳ ಮೇಲೆ ಒಂದು ಜಾಗ ಅಂದಾಜು ಮಾಡಿ, ಬಿಸ್ಮಿಲ್ಲಾ ಎಂದು ಚುಚ್ಚುತ್ತಾಳೆ. ಇದನ್ನು ರಾತ್ರಿ ಊಟಕ್ಕೆ ಕುಳಿತಾಗ ಅವಳೇ ನಗುತ್ತ ಹೇಳಿದ್ದಳು. ನದೀಮನೂ ನಕ್ಕಿದ್ದ. ಮರುದಿನ ಸ್ಟ್ಯಾಂಡಿನಲ್ಲಿ, ನಮ್ಮ ತಂಗಿ ಸೂಜಿ ಮಾಡಿದರೆ ನೋವೇ ಆಗುವುದಿಲ್ಲ ಎಂದು ಜಂಬ ಕೊಚ್ಚಿದ್ದ.

ಅದೆಲ್ಲ ತಲೆಯಲ್ಲಿ ಗಿರಗಿರ ತಿರುಗುತ್ತಿದ್ದುದರಿಂದಲೇ ನದೀಮ ಇವತ್ತು ದವಾಖಾನೆಗೆ ನುಗ್ಗಿ, "ಹೊರಗ ಬಾ, ಒಂದ ಮಾತೈತಿ" ಎಂದು ಮನೆಯ ಮಾತಿನಲ್ಲೇ ಕರೆದಿದ್ದ. ಮಂದಿ ಕಾಯುತ್ತಿದ್ದಾರೆ, ಬರುವುದಿಲ್ಲ ಎಂದಳು. ಮತ್ತೆ ಕರೆದ. ಅವಳು ಬೆನ್ನು ತಿರುಗಿಸಿ ಸೂಜಿ ತುಂಬತೊಡಗಿದಳು. ಆಗ ಅವನು ಚೀರಿದ್ದು, ಇವತ್ತಿಂದ ನೀ ಅದನ್ನ ಮುಟ್ಟಬ್ಯಾಡ ಅಂತ. ಅದಕ್ಕೆ ಸಿಕ್ಕ ಉತ್ತರವನ್ನು ಬಾಕಿನವರು ಈಗಲೂ ಚಪ್ಪರಿಸುತ್ತಿದ್ದರು.

ಅವನು ಹೊರಗೆ ಬಂದ. ಮಹಾದೇವಕ್ಕ ಹಿಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ಕುಳಿತಿದ್ದಳು.

"ಅದಾಳೇನೋ ನರ್ಸಬಾಯಿ?"

"ಇಲ್ಲಬೇ. ಬಂದಿಲ್ಲ ಇವತ್ತು."

"ಒಳಗ ಹುಡುಗೀ ದನಿ ಕೇಳಿಸ್ತಲ್ಲೋ. ಯಾರಿಗೋ ಜೋರ ಮಾಡಾಕತ್ತಿತ್ತು."

"ಅದು ಬ್ಯಾರೆಯವರು. ಹುಬ್ಬಳ್ಳಿಗೆ ಹೋಗೂಣು ನಡಿ."

"ಅಯ್ಯ! ಒಂದ ಸೂಜಿಗೆ ಹುಬ್ಬಳ್ಳಿಗ್ಯಾಕೋ?"

"ಅಲ್ಲಿ ಇದಕ್ಕಿಂತ ದೊಡ್ಡ ಸೂಜಿ ಐತಿ," ಎಂದುಬಿಟ್ಟ.

ಆ ಮಾತು ಅವಳಿಗೆ ಹಿಡಿಸಿತು. ಸೆರಗು ಸರಿಮಾಡಿಕೊಂಡು, ಮಗ ಚನ್ನೇಶನಿಗೆ ಫೋನು ಹಚ್ಚಿ, ದೊಡ್ಡ ಸೂಜಿಗೆ ಹೊರಟಿದ್ದೇನೆ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಬಾ ಎಂದು ಹೇಳಿದಳು. ಚನ್ನೇಶನ ದನಿ ಫೋನಿನಿಂದ ಹೊರಗೂ ಕೇಳುವಷ್ಟು ದೊಡ್ಡದು. "ಯಾವಾಕಿ ಮಾಡಿದ್ಲಬೇ ಆ ಸೂಜಿ? ಹೆಸರ ಕೇಳಿಟ್ಟಿಯೇನು?" ಎನ್ನುತ್ತಿದ್ದ. ನದೀಮ ಗಾಡಿಯನ್ನು ಹೈವೇಗೆ ಹತ್ತಿಸಿದ.

ಲಾರಿಗಳ ಗಾಳಿಗೆ ಟಂಟಂ ಹೊಯ್ದಾಡುತ್ತಿದ್ದರೂ ಮಹಾದೇವಕ್ಕನ ಮಾತು ನಿಲ್ಲಲಿಲ್ಲ.

"ನಮ್ಮ ಮೊಮ್ಮಗಳು ವಾಣಿಶ್ರೀನೂ ಸಾಲ್ಯಾಗ ಅದ ನರ್ಸಬಾಯಿ ವಿಷಯ ತಗೊಂಡಾಳಪಾ ಈ ವರ್ಷ. ಒಂಬತ್ತನೇತ್ತಾ. ಮನ್ಯಾಗ ಎಲ್ಲಾರ ಬಿ.ಪಿ. ನೋಡ್ತಾಳ, ಎಮ್ಮೀದೂ ನೋಡ್ತೇನಿ ಅಂತಾಳ! ಚನ್ನ್ಯಾ ಪಿಯುಸಿ ಓದಸ್ತೇನಿ ಅಂತ ಕುಣೀತಾನ. ನಾ ಅಂದೆ, ಯಾಕ ಬೇಕೋ? ಆ ನರ್ಸಬಾಯಿ ನೋಡು, ಹತ್ತನೇತ್ತಾ ಮುಗಿಸಿ ಹೆಂಗ ನಿಂತಾಳ ಕೋಟು ಹಾಕ್ಕೊಂಡು. ಏನಂತಿ?"

"ಪಿಯುಸಿ ಓದಸ್ರಿ," ಎಂದ ನದೀಮ.

"ಆಂ?"

"ಓದಸ್ರಿ ಅಂದೆ. ಓದಸಬೇ ಆಕೀನ್ನ!"

"ಯಾಕೋ ಹಂಗ ಒದರ್ತಿ? ನೀನ ಅಲ್ಲೇನು, ಕಾಲೇಜಿಗೆ ಬೆಂಕಿ ಹಚ್ಚಬೇಕು ಅಂತಿದ್ದಾವ?"

ಅವನು ಕನ್ನಡಿಯಲ್ಲಿ ಅವಳನ್ನು ನೋಡಲಾರದೆ ಕನ್ನಡಿಯನ್ನೇ ಬೇರೆ ಕಡೆಗೆ ತಿರುಗಿಸಿದ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವಳನ್ನು ಎರಡನೆಯ ಮಹಡಿಗೆ ಕಳಿಸಿದರು. ಅಲ್ಲಿದ್ದ ಡಾಕ್ಟರು ನದೀಮನಿಗಿಂತ ಸ್ವಲ್ಪವೇ ದೊಡ್ಡವನಿರಬೇಕು. ದಾರ ಬಿಚ್ಚಿ, ಚಪ್ಪಲಿ ತೆಗೆದು, ಮೊನಚಾದ ಪಿನ್ನಿನಿಂದ ಅಂಗಾಲಿನ ಮೇಲೆ ಗೆರೆ ಎಳೆದ.

"ಗೊತ್ತಾಗಾಕತ್ತೈತೇನಬೇ?"

"ಏನ್ರಿ? ನೋಡ್ರಿ, ನೋಡ್ರಿ, ನಾ ತಯಾರ ಅದೇನಿ," ಎಂದಳು ಮಹಾದೇವಕ್ಕ, ಛಾವಣಿ ನೋಡುತ್ತ. ಅವನು ಆಗಲೇ ನಾಲ್ಕೈದು ಗೆರೆ ಎಳೆದು ಮುಗಿಸಿದ್ದ. ಪಾದವನ್ನು ಮೇಲಕ್ಕೆತ್ತು ಎಂದ. ಅವಳು ಹಲ್ಲು ಕಚ್ಚಿದಳು, ಕತ್ತಿನ ನರ ಉಬ್ಬಿತು, ಸೊಂಟವೇ ಎದ್ದಿತು. ಪಾದ ಮಾತ್ರ ಬೇರೆ ಯಾರದೋ ಎಂಬಂತೆ ಹಾಸಿಗೆಯ ಮೇಲೆ ಬಿದ್ದುಕೊಂಡಿತ್ತು.

ಡಾಕ್ಟರು ನದೀಮನನ್ನು ಬಾಗಿಲಿಗೆ ಕರೆದ. "ಸೂಜಿ ನರಕ್ಕ ಬಿದ್ದೈತಿ. ಕಾಲಿಗೆ ಬಲ ಬಂದ್ರ ತಿಂಗಳಾನಗಟ್ಲೆ ಮ್ಯಾಲೆ ಬರ್ತೈತಿ, ಬರಲಿಕ್ಕಿಲ್ಲ ಅಂತೂ ತಿಳ್ಕೋರಿ. ಯಾವ ಔಷಧ ಅಂತ ಗೊತ್ತಾದ್ರ ಛಲೋ. ಯಾರಿಗರೆ ಕೇಳ್ರಿ."

ನದೀಮ ವರಾಂಡದ ಕೊನೆಗೆ ಹೋಗಿ ತಂಗಿಗೆ ಫೋನು ಹಚ್ಚಿದ. ಉರ್ದುವಿನಲ್ಲಿ ಕರೆದ. ಅವಳು ಹಟಕ್ಕೆ ಕನ್ನಡದಲ್ಲೇ ಉತ್ತರ ಕೊಟ್ಟಳು.

"ಏನು? ಲಗೂನ ಹೇಳು. ಕೈಯಾಗ ಸೂಜಿ ಐತಿ."

"ದುಂಡಸಿ ಮಹಾದೇವಕ್ಕಗ ಮೊನ್ನಿ ಯಾವ ಸೂಜಿ ಮಾಡಿದ್ದಿ?"

ಫೋನು ಕಟ್ಟಾಯಿತೇನೋ ಎಂದು ಅವನು ಪರದೆ ನೋಡಿದ. ಇಲ್ಲ.

"ಯಾಕ, ಭಾಯಿ?" ಈಗ ಅದು ನರ್ಸಬಾಯಿಯ ದನಿಯಾಗಿರಲಿಲ್ಲ. "ಆಕಿ ಇವತ್ತ ಬರ್ತೇನಿ ಅಂದಿದ್ಲು. ಮುಂಜಾನಿಂದ ದಾರಿ ನೋಡಾಕತ್ತೇನಿ."

"ಯಾವ ಔಷಧ, ಅಷ್ಟ ಹೇಳು."

"ನೋವಿಂದು. ಕೆಂಪು ಟೊಪಗಿ ಬಾಟ್ಲೀದು. ಹೆಸರ ಓದ್ಕೊಂತ ಕುಂದ್ರಬ್ಯಾಡ, ಟೊಪಗಿ ಬಣ್ಣ ನೋಡು ಅಂತಾರ ಡಾಕ್ಟರು." ಅವಳ ಉಸಿರು ಫೋನಿಗೆ ಬಡಿಯುತ್ತಿತ್ತು. "ಆಕಿ ಅವತ್ತ ಚೀರಿದ್ಲು, ಭಾಯಿ. ಉಳದವರು ಚೀರಿದಂಗಲ್ಲ. ನಾ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಎಲ್ಲಾರೂ ಚೀರ್ತಾರ, ಮುಂದಿನವರನ್ನ ಕರಿ ಅಂದ್ರು. ನಾ ಕರದೆ." ಆಮೇಲೆ ಮನೆಯ ಮಾತಿನಲ್ಲಿ ಕೇಳಿದಳು, ಮಹಾದೇವಕ್ಕನಿಗೇನಾಗಿದೆ ಎಂದು.

ಫೋನಿನಲ್ಲಿ ಅವಳ ಹಿಂದಿನಿಂದ ಯಾರೋ ಹೆಂಗಸು ಗೊಣಗುವುದು ಕೇಳಿಸಿತು. "ಗ್ವಾಡಿ ನೋಡಿ ನೋಡಿ ಸಾಕಾತವಾ. ಚುಚ್ಚಿ ಕಳಸ ನನ್ನ."

"ಸೂಜಿ ಕೆಳಗಿಡು," ಎಂದ ನದೀಮ. "ಮದಿಹಾ, ಕೇಳಾಕತ್ತಿಯೇನು? ಕೆಳಗಿಟ್ಟು ಮನಿಗೆ ಹೋಗು. ಯಾರ್ ಏನಂದ್ರೂ..."

ಮಾತು ಮುಗಿಯುವುದರೊಳಗೆ ಫೋನು ಕಟ್ಟಾಗಿತ್ತು. ಅವಳು ಇಟ್ಟಳೋ, ತಾನಾಗಿ ಹೋಯಿತೋ? ಕೇಳಿಸಿಕೊಂಡಳೋ, ಇಲ್ಲವೋ? ಮತ್ತೆ ಹಚ್ಚಿದ. ಬಡಿದುಕೊಂಡು ಬಡಿದುಕೊಂಡು ನಿಂತಿತು. ಗೋಡೆಗೆ ಮುಖ ಮಾಡಿ ನಿಂತ ಆ ಹೆಂಗಸಿನ ಬೆನ್ನು ಅವನ ಕಣ್ಣಿಗೆ ಕಟ್ಟಿತು. ಯಾರದೆಂದು ಗೊತ್ತಿಲ್ಲದ ಬೆನ್ನು.

ತಿರುಗಿ ಬರುವಾಗ ಡಾಕ್ಟರು ಮಹಾದೇವಕ್ಕನ ಹಾಸಿಗೆಯ ಬದಿಗೆ ನಿಂತು ಬರೆದುಕೊಳ್ಳುತ್ತಿದ್ದ.

"ಕೆಂಪು ಟೊಪಗೀದಂತ್ರಿ," ಎಂದ ನದೀಮ. "ನೋವಿಂದಂತ."

ಪೆನ್ನು ನಿಂತಿತು. "ಅಂತ ಅಂದ್ರ? ಯಾರಂದ್ರು ನಿಮಗ?"

ನದೀಮ ಕೈಯಲ್ಲಿದ್ದ ಫೋನನ್ನು ಕಿಸೆಗೆ ತುರುಕಿಕೊಂಡ.

"ಅಂದ್ರ ಸೂಜಿ ಮಾಡಿದವರು ನಿಮಗ ಗೊತ್ತದಾರ. ಹೆಸರ ಹೇಳ್ರಿ, ನಾ ಬರೀಬೇಕು. ಇಂಥಾವರನ್ನ ಬಿಟ್ರ ಇನ್ನೆಷ್ಟ ಮಂದೀ ಕಾಲು ಮುರೀತಾರೋ. ನರ್ಸೇನು ಆಕಿ? ಏನ್ ಓದ್ಯಾಳ?"

"ಬೈಬ್ಯಾಡ್ರಿ ಡಾಕ್ಟರ, ಸಣ್ಣ ಹುಡುಗಿ ಐತಿ," ಎಂದಳು ಮಹಾದೇವಕ್ಕ ಮಲಗಿದಲ್ಲಿಂದಲೇ. "ನಾ ಚೀರಿದ್ದಕ್ಕ ನನಗಿಂತ ಅದಾ ಅಂಜಿತ್ತು. ನೀರ ಕುಡಿಸ್ತು, ತಲಿ ಸವರ್ತು. ತಮ್ಮಾ, ಆಕಿ ಹೆಸರೇನೋ? ನಿಮ್ಮ ಮಂದೀನ ಅಲ್ಲೇನು? ನಿನಗ ಗೊತ್ತಿರಬೇಕಲ್ಲ. ಹೇಳಪಾ, ಡಾಕ್ಟರ ಕೇಳಾಕತ್ತಾರ."

ಅವಳ ಕಣ್ಣಿನಲ್ಲಿ ಸಂಶಯವಿರಲಿಲ್ಲ. ಸಂಶಯವಿದ್ದಿದ್ದರೆ ಅವನು ಸಿಟ್ಟಾದರೂ ಮಾಡಬಹುದಿತ್ತು. ಹೊರಗೆ ಎಲ್ಲಿಂದಲೋ, "ದುಂಡಸಿ ಮಹಾದೇವಕ್ಕ ಅಂತ್ರಿ, ನಮ್ಮವ್ವ, ಎಲ್ಲಿ ಅದಾಳ್ರಿ?" ಎಂದು ಚನ್ನೇಶನ ದೊಡ್ಡ ದನಿ ಕೇಳಿಸಿತು. ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದ. ನದೀಮ ಇಬ್ಬರ ಮುಖವನ್ನೂ ಒಮ್ಮೆ ನೋಡಿದ. ಆಮೇಲೆ ಬೆನ್ನು ತಿರುಗಿಸಿ, ಚನ್ನೇಶನ ದನಿ ಬಂದ ಕಡೆಯನ್ನು ಬಿಟ್ಟು, ಇನ್ನೊಂದು ಬದಿಯ ಮೆಟ್ಟಿಲಿನ ಕಡೆಗೆ ನಡೆದ.

"ರೀ! ಎಲ್ಲಿ ಹೊಂಟ್ರಿ? ಹೆಸರ ಹೇಳಿ ಹೋಗ್ರಿ!"

ಮೆಟ್ಟಿಲ ತುಂಬ ಹುಡುಗಿಯರು ಮೇಲೆ ಬರುತ್ತಿದ್ದರು. ನರ್ಸಿಂಗ್ ಕಾಲೇಜಿನವರು. ಬಿಳಿ ಉಡುಪು, ಬಿಗಿಯಾಗಿ ಕಟ್ಟಿದ ಕೂದಲು, ಎದೆಗೆ ಅವುಚಿಕೊಂಡ ದಪ್ಪ ಪುಸ್ತಕಗಳು. ಯಾರೋ ಏನೋ ಅಂದದ್ದಕ್ಕೆ ಸಾಲಿಗೆ ಸಾಲೇ ನಗುತ್ತಿತ್ತು. ಹಿಂದೆ ಬರುತ್ತಿದ್ದ ಮೇಡಮ್ಮು ಗದರಿದ ಕೂಡಲೇ ನಗೆ ತುಟಿಯೊಳಗೆ ಹೋಯಿತು. ಒಬ್ಬೊಬ್ಬಳ ಕೋಟೂ ಅವಳವಳ ಅಳತೆಗೇ ಹೊಲಿದದ್ದು. ನದೀಮ ಗೋಡೆಗೆ ಬೆನ್ನು ಹಚ್ಚಿ ನಿಂತ. ಅವರು ದಾಟುತ್ತಲೇ ಇದ್ದರು; ಸಾಲು ಮುಗಿಯಲೊಲ್ಲದು. ಇನ್ನು ಕಾಯಲಾರದೆ ಅವನು ಅವರ ನಡುವೆಯೇ ಇಳಿಯತೊಡಗಿದ. ಹುಡುಗಿಯರು ಪುಸ್ತಕ ಸರಿಸಿ, ಭುಜ ಓರೆ ಮಾಡಿ ದಾರಿ ಬಿಟ್ಟರು.

ತಿರುವಿನಲ್ಲಿ ತಲೆಗೆ ಬಿಳಿ ಅರಿವೆ ಸುತ್ತಿದ್ದ ಒಬ್ಬಳು ಅವನ ಮುಖ ನೋಡಿ ನಿಂತಳು.

"ಅಣ್ಣಾರ, ಆರಾಮದೀರಿಲ್ರಿ? ಯಾರ ಬೇಕಾಗಿತ್ರಿ?"

ಅವನು ಅವಳನ್ನು ದಾಟಿ ಕೆಳಗಿಳಿದ. ಅವಳು ಒಂದು ಗಳಿಗೆ ಅಲ್ಲೇ ನಿಂತು ನೋಡಿದಳು. ಮೇಲಿನಿಂದ ಯಾರೋ ಕರೆದರು, ಎರಡೆರಡು ಮೆಟ್ಟಿಲು ಹಾರುತ್ತ ಓಡಿ ತನ್ನ ಸಾಲು ಸೇರಿಕೊಂಡಳು.